ಗಾಲೆ ಕೋಟೆಯೊಳಗಿನ ಮನೆಗಳು

ಕ್ರಿಕೆಟ್ ನೋಡುವ ನಮ್ಮವರಿಗೆ ಶ್ರೀಲಂಕಾದ ಗಾಲೆ ಕೋಟೆ ಹೊಸತಲ್ಲ. 2010ರಲ್ಲಿ ಭಾರತದ ವಿರುದ್ಧ ಮುರಳೀಧರನ್ 800ನೇ ವಿಕೆಟ್ ಪಡೆದ ಮೈದಾನಕ್ಕೆ ಒತ್ತಿಕೊಂಡೇ ನಿಂತಿರುವ ಕೋಟೆಗೋಡೆ ಅದು. ಕಳೆದ ತಿಂಗಳು ಆ ಗೋಡೆಯ ಒಳಗೆ ಎರಡು ದಿನ ಇದ್ದು ಬಂದೆ.

ಪೋರ್ಚುಗೀಸರು 1588ರಲ್ಲಿ ಕಟ್ಟಿದ ಸಣ್ಣ ಕೋಟೆಯನ್ನು 1640ರಲ್ಲಿ ಗೆದ್ದುಕೊಂಡ ಡಚ್ಚರು, ಮುಂದೆ ಇಡೀ ಭೂಶಿರವನ್ನೇ ಸುತ್ತುವರಿಯುವಂತೆ ಗೋಡೆ ಎಬ್ಬಿಸಿದರು. 1796ರಲ್ಲಿ ಅದು ಬ್ರಿಟಿಷರ ಕೈಸೇರಿತು. ಹಳೆಯ ಹೆಬ್ಬಾಗಿಲಿನ ಹೊರಮುಖದಲ್ಲಿ ಬ್ರಿಟಿಷ್ ರಾಜಲಾಂಛನವಿದೆ. ದಾಟಿ ಹೋಗಿ ತಿರುಗಿ ನೋಡಿದರೆ, 1669ರ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ: ಎರಡು ಸಿಂಹಗಳು, ನಡುವೆ ಕಂಪನಿಯ ಅಕ್ಷರಗಳು, ನೆತ್ತಿಯ ಮೇಲೊಂದು ಹುಂಜ. ಆ ಬಾಗಿಲಿರುವುದು ಕಂಪನಿಯ ಉದ್ದನೆಯ ಉಗ್ರಾಣದಲ್ಲಿ. ಈ ದ್ವೀಪದ ದಾಲ್ಚಿನ್ನಿಗಾಗಿಯೇ ಡಚ್ಚರು ಇಲ್ಲಿ ಬೇರುಬಿಟ್ಟರು, ಅದನ್ನು ಸುಲಿದು ಕೊಡುವ ಬಿಟ್ಟಿ ದುಡಿಮೆ ಸ್ಥಳೀಯರ ಹೆಗಲೇರಿತು ಎಂಬುದನ್ನು ಮರೆತು ಬರೀ ಕಮಾನುಗಳ ಚೆಂದವನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ನಾನು ಉಳಿದದ್ದು ಒಂದು ಮುಸ್ಲಿಂ ಕುಟುಂಬದ ಮನೆಯಲ್ಲಿ. ಹಿತ್ತಲ ಗೋಡೆಯಲ್ಲಿ ಸುಣ್ಣದ ಗಾರೆ ಉದುರಿದ ಕಡೆ ಹವಳದ ಕಲ್ಲು ಕಾಣುತ್ತಿತ್ತು. ಬೆರಳಾಡಿಸಿದರೆ ಜೇನುಗೂಡಿನಂತೆ ಕಣ್ಣುಕಣ್ಣು, ಕೈಗೆ ಬಿಳಿ ಪುಡಿ. ಅವರ ಮನೆಮಾತು ತಮಿಳು. ನನಗೆ ಬರುವಷ್ಟು ತಮಿಳಿನಲ್ಲೇ ಮನೆಯ ಹಿರಿಯ ಅಮ್ಮನನ್ನು ಮಾತನಾಡಿಸಿದೆ. 2004ರ ಸುನಾಮಿಯಲ್ಲಿ ಹೊರಗಿನ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನಗಳೆಲ್ಲ ನೀರಿನ ಪಾಲಾದರೂ ಗೋಡೆ ಒಳಗಿನವರನ್ನು ಬಹುಮಟ್ಟಿಗೆ ಕಾಯಿತು. ಅದನ್ನು ಹೇಳಿ ಮುಗಿಸಿದ ಅಮ್ಮ, "ಕಡಲನ್ನು ತಡೆದ ಗೋಡೆ ದುಡ್ಡನ್ನು ತಡೆಯಲಿಲ್ಲವಪ್ಪಾ" ಎಂದರು. ಅವರ ಬೀದಿಯಲ್ಲಿ ಬಂಧುಗಳ ಮನೆಗಳು ಒಂದೊಂದಾಗಿ ಹೋಟೆಲು, ಕಾಫಿ ಅಂಗಡಿ, ಒಡವೆ ಅಂಗಡಿಗಳಾಗಿವೆ. ಕೆಲವನ್ನು ವಿದೇಶಿಯರು ಕೊಂಡಿದ್ದಾರೆ.

ಮಾರಿದವರನ್ನು ನಾನು ದೂರುವುದಿಲ್ಲ. ಹಳೆಯ ಮನೆಯ ಮಾಡಿಗೆ ಹೆಂಚು ಹೊದಿಸುವ ಖರ್ಚು ಮಧ್ಯಮವರ್ಗದ ಸಂಸಾರಕ್ಕೆ ಎಷ್ಟು ಭಾರವೆಂದು ಕರಾವಳಿಯಲ್ಲಿ ಬೆಳೆದ ನನಗೆ ಗೊತ್ತು. ಆದರೆ 1988ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಊರಿನ ನಿಜವಾದ ಸೊಗಸು, ಅದು ಇನ್ನೂ ಊರಾಗಿರುವುದರಲ್ಲಿದೆ. ಕೋರ್ಟಿನ ಚೌಕದ ಮರದ ನೆರಳಲ್ಲಿ ಕಪ್ಪು ಕೋಟಿನ ವಕೀಲರು ಕಕ್ಷಿದಾರರ ಜೊತೆ ನಿಂತಿರುತ್ತಾರೆ. ಶಾಲೆ ಬಿಟ್ಟ ಮಕ್ಕಳು ಬಿಳಿ ಸಮವಸ್ತ್ರದಲ್ಲೇ ಕೋಟೆಗೋಡೆ ಹತ್ತಿ ಓಡುತ್ತಾರೆ. ದೀಪಸ್ತಂಭದ ಎದುರಿನ ಮಸೀದಿಗೆ ಸಂಜೆ ಅಕ್ಕಪಕ್ಕದ ಮನೆಗಳಿಂದಲೇ ಜನ ನಡೆದು ಬರುತ್ತಾರೆ. ಮನೆಗಳೆಲ್ಲ ಕೋಣೆ ಬಾಡಿಗೆಯ ಲೆಕ್ಕಕ್ಕೆ ಬಿದ್ದರೆ ಆ ಮಸೀದಿಗೆ ನಡೆದು ಬರುವವರು ಯಾರು?

ಪರಂಪರೆಯ ಹೆಸರಿನಲ್ಲಿ ಬರುವ ಹಣದ ಒಂದು ಪಾಲು ಒಳಗೆ ಬಾಳುವವರ ಮನೆ ರಿಪೇರಿಗೆ ನೇರವಾಗಿ ಸಿಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅಲ್ಲಿಗೆ ಹೋಗುವ ಸ್ನೇಹಿತರೂ ಸಂಸಾರವಿರುವ ಮನೆಯನ್ನೇ ಹುಡುಕಿ ಉಳಿಯಿರಿ. ನಾನು ಹೊರಟ ಬೆಳಿಗ್ಗೆ ಅಮ್ಮ ಜಗಲಿ ಗುಡಿಸುತ್ತಿದ್ದರು. ಎಡಬಲದ ಎರಡು ಮನೆಗಳ ಜಗಲಿಯಲ್ಲಿ ಊಟದ ದರಪಟ್ಟಿಯ ಹಲಗೆಗಳು ನಿಂತಿದ್ದವು.