ಕೈಚಾಚುವ ಮೊದಲು ಟೇಪು ಹಿಡಿಯಿರಿ

ನಮ್ಮ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮನವಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಹಾಸಿಗೆ ಹಿಡಿದವರ ಫೋಟೊ, ಕೆಳಗೊಂದು ಗೂಗಲ್ ಪೇ ನಂಬರು, "ದಯವಿಟ್ಟು ಸಹಾಯ ಮಾಡಿ". ಎಷ್ಟು ಬೇಕು, ಯಾತಕ್ಕೆ ಬೇಕು, ಒಂದೂ ಇರುವುದಿಲ್ಲ. ಜನ ಐನೂರು ಹಾಕಿ ಸುಮ್ಮನಾಗುತ್ತಾರೆ. ಅದಕ್ಕೆ ಕೊಡುವವರನ್ನು ದೂರಿ ಫಲವಿಲ್ಲ, ಕೇಳುವವರ ಹತ್ತಿರ ಲೆಕ್ಕವೇ ಇಲ್ಲ. ನಡೆಯಲಾಗದವರಿಗೆ ಮನೆಯಲ್ಲಿ ರ‍್ಯಾಂಪ್ (ಗಾಲಿಕುರ್ಚಿ ಹತ್ತಿಸುವ ಇಳಿಜಾರು ದಾರಿ), ಗಾಲಿಕುರ್ಚಿಯಂಥ ಅನುಕೂಲ ಮಾಡಿಸಲು ಹಣ ಕೇಳುವವರಿಗೆ ನಾನು ಹೇಳುವುದಿಷ್ಟೇ: ಮನುಷ್ಯರ ಫೋಟೊ ಬೇಡ, ಮೆಟ್ಟಿಲಿನ ಫೋಟೊ ಹಾಕಿ. ಪಕ್ಕದಲ್ಲಿ ಟೇಪು ಹಿಡಿದು ತೆಗೆದದ್ದು.

ಇಳಿಜಾರಿನಲ್ಲಿ ಕಟ್ಟಿದ ಮನೆಗಳು ನಮ್ಮವು, ಜಗಲಿಗೆ ನಾಲ್ಕೈದು ಮೆಟ್ಟಿಲು ಸಾಮಾನ್ಯ. ಅಂಗಳದಿಂದ ಜಗಲಿ ಎರಡೂವರೆ ಅಡಿ ಎತ್ತರವಿದ್ದರೆ 1:12ರ ಲೆಕ್ಕದಲ್ಲಿ, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದಂತೆ, ರ‍್ಯಾಂಪ್ 30 ಅಡಿ ಉದ್ದ ಬೇಕು. ಅಷ್ಟು ಜಾಗವಿಲ್ಲದಿದ್ದರೆ ನಡುವೆ ತಿರುಗಿಸಿ, ತಿರುವಿನಲ್ಲಿ ಐದಡಿ ಚೌಕ ಸಮತಟ್ಟು ಬಿಡಿ. "ಹನ್ನೆರಡು ಅಡಿ ಸಾಕು ಬಿಡಿ" ಎನ್ನುವ ಮೇಸ್ತ್ರಿಯ ಮಾತಿಗೆ ತಲೆಯಾಡಿಸಬೇಡಿ. ಆ ಇಳಿಜಾರಿನಲ್ಲಿ ತಳ್ಳುವವರ ಕೈ ಒಮ್ಮೆ ಜಾರಿದರೆ ಗಾಲಿಕುರ್ಚಿ ನಿಲ್ಲುವುದು ಕಾಫಿ ಗಿಡದ ಬುಡದಲ್ಲೇ. ಅಗಲ ನಾಲ್ಕಡಿ, ಅಂಚಿಗೆ ಮೂರಿಂಚು ಕಟ್ಟೆ, ಎರಡೂ ಬದಿ ರೇಲಿಂಗ್. ಟೈಲ್ಸ್ ಬೇಡವೇ ಬೇಡ, ಸಿಮೆಂಟು ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿ. ಹಾಗೆ ಮಾಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟುತ್ತದೆ. ಮೇಲೊಂದು ಶೀಟಿನ ಮಾಡು, ಸೂರಿನ ನೀರು ರ‍್ಯಾಂಪಿನ ಮೇಲೆ ಸುರಿಯದಂತೆ ನೀರು ಹಿಡಿದು ಹರಿಸುವ ಒಂದು ದೋಣಿ ಸೇರದ ಎಸ್ಟಿಮೇಟು ಕೊಡಗಿನ ಎಸ್ಟಿಮೇಟೇ ಅಲ್ಲ.

ಆಮೇಲೆ ಬಾಗಿಲು. ದೊಡ್ಡವರ ಸಾಮಾನ್ಯ ಗಾಲಿಕುರ್ಚಿಯ ಒಟ್ಟು ಅಗಲ 25-26 ಇಂಚು. ಹಳೆಯ ಬಚ್ಚಲಿನ ಬಾಗಿಲು 24 ಇಂಚು! ಕುರ್ಚಿ ಮನೆಗೆ ಬಂದ ದಿನ ಇದು ಗೊತ್ತಾಗಬಾರದು. ಕನಿಷ್ಠ 32 ಇಂಚು ತೆರಪು ಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲ ಹಿಂದೆಯೇ ಬಿದ್ದವರನ್ನು ಎತ್ತಲು ಬಾಗಿಲು ಮುರಿಯಬೇಕಾಗುತ್ತದೆ. ಕಮೋಡಿನ ಪಕ್ಕದ ಹಿಡಿಕಂಬಿಯನ್ನು ಮಣ್ಣಿನ ಗೋಡೆಗೆ ಬರೀ ಸ್ಕ್ರೂ ಹಾಕಿ ನಿಲ್ಲಿಸಿದರೆ ಭಾರ ಬಿದ್ದಾಗ ಕಿತ್ತು ಕೈಗೇ ಬರುತ್ತದೆ. ಗೋಡೆ ದಾಟುವ ಬೋಲ್ಟ್, ಆಚೆ ಬದಿಗೆ ಕಬ್ಬಿಣದ ಪಟ್ಟಿ ಹಾಕಿಸಿ.

ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವ ಲಿಫ್ಟ್ ಕೊಳ್ಳುವವರು ಮೊದಲು ಮಂಚದ ಅಡಿಗೆ ಬಗ್ಗಿ ನೋಡಿ. ಲಿಫ್ಟಿನ ಕಾಲು ಮಂಚದ ಕೆಳಗೆ ಹೋಗಬೇಕು, ಅದಕ್ಕೆ ನಾಲ್ಕೈದು ಇಂಚು ಖಾಲಿ ಜಾಗ ಬೇಕು. ಬಾಕ್ಸ್ ಮಂಚವಾದರೆ ಲಿಫ್ಟ್ ತಂದೂ ದಂಡ. ಎತ್ತುವ ಜೋಲಿ ಎರಡು ಇರಲಿ, ಒಂದು ಒದ್ದೆಯಾಗುತ್ತದೆ, ಮಳೆಗಾಲದಲ್ಲಿ ಒಣಗುವುದಿಲ್ಲ. ಏರ್ ಬೆಡ್ಡಿನ ಪಂಪು ಹಗಲೂ ರಾತ್ರಿ ಓಡಬೇಕು. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋದರೆ ಗಾಳಿ ಇಳಿದು ಬೆನ್ನಿಗೆ ಹುಣ್ಣು. ಹಾಗಾಗಿ ಇನ್ವರ್ಟರ್ ಕೂಡ ಪಟ್ಟಿಯಲ್ಲಿರಲಿ. ಮೈಸೂರಿನಿಂದ ಸಾಗಿಸುವ ಖರ್ಚು, ರಿಪೇರಿಗೆ ಘಟ್ಟ ಹತ್ತಿ ಬರುತ್ತಾರೋ ಇಲ್ಲವೋ, ಎಲ್ಲ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ತೋಟದ ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆಯಾದರೆ ಕಥೆ ಬೇರೆ. ಮನೆ ತೋಟದವರದ್ದು, ಕಟ್ಟಿದ ರ‍್ಯಾಂಪ್ ಅಲ್ಲೇ ಉಳಿಯುತ್ತದೆ. ಅಲ್ಲಿ ಬಿಚ್ಚಿ ಒಯ್ಯಬಹುದಾದ ಕಬ್ಬಿಣದ ರ‍್ಯಾಂಪ್, ಕಮೋಡ್ ಕುರ್ಚಿಯಂಥವಕ್ಕೆ ಹಣ ಹಾಕುವುದೇ ಜಾಣತನ. ಮಾಲೀಕರ ಒಪ್ಪಿಗೆ ಕಾಗದದಲ್ಲಿರಲಿ.

ಜನರ ಮುಂದೆ ಹೋಗುವ ಮೊದಲು ಸರ್ಕಾರದಿಂದ ಬರಬೇಕಾದ್ದನ್ನು ಕೇಳಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಇದ್ದರೆ ಅಂಗವಿಕಲರಿಗೆ ನೆರವಾಗುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಗಾಲಿಕುರ್ಚಿಯಂಥ ಸಾಧನ ಸಿಗುತ್ತದೆ. ತಿಂಗಳ ಆದಾಯ 22,500 ರೂಪಾಯಿವರೆಗೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಆದರೆ ಅದೇ ಸಾಧನ ಮತ್ತೆ ಸಿಗಲು ಮೂರು ವರ್ಷ ಕಾಯಬೇಕು, 12 ವರ್ಷದೊಳಗಿನ ಮಕ್ಕಳಿಗಾದರೆ ಒಂದು ವರ್ಷ. ಶಿಬಿರದಲ್ಲಿ ಪುಕ್ಕಟೆ ಸಿಕ್ಕಿತೆಂದು ಅಳತೆಗೆ ಹೊಂದದ ಕುರ್ಚಿ ತಂದರೆ ಮೂರು ವರ್ಷ ಅದರಲ್ಲೇ ಸೊಂಟ ವಾಲಿಸಿಕೊಂಡು ಕೂರಬೇಕು. ಪಂಚಾಯಿತಿಯಲ್ಲೂ ವಿಕಲಚೇತನರಿಗೆಂದು ಶೇ 5ರ ಹಣ ಎತ್ತಿಡಬೇಕೆಂಬ ನಿಯಮವಿದೆ. ಅಲ್ಲಿನ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಇಷ್ಟೆಲ್ಲ ಆದ ಮೇಲೆ ಉಳಿಯುವ ಮೊತ್ತವೇ ನೀವು ಜನರಲ್ಲಿ ಕೇಳಬೇಕಾದ ಮೊತ್ತ.

ಕೇಳುವುದಕ್ಕೂ ಕಾಲವಿದೆ. ರೊಬಸ್ಟಾ ಕುಯ್ಲು ಮುಗಿದು ಕಾಫಿ ಹಣ ಕೈಗೆ ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿ. ಏಪ್ರಿಲ್‌ನಲ್ಲಿ ಕಾಂಕ್ರೀಟು ಹಾಕಿದರೆ ಮಳೆಗೆ ಮೊದಲು ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ಕೇಳಿದರೆ ಸ್ಕೂಲ್ ಫೀಸು, ಗೊಬ್ಬರ ಅಂತ ಎಲ್ಲರ ಕೈಯೂ ಖಾಲಿ. ಲಕ್ಕಿ ಕೂಪನ್ ಮಾರುವ ಉಪಾಯ ಬೇಡ, ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ಮುಂಗಡ ಬುಕ್ಕಿಂಗ್ ತೆಗೆದುಕೊಂಡು ಕಡಂಬಿಟ್ಟು, ಪಂದಿ ಕರಿ ಪಾರ್ಸೆಲ್ ಮಾರುವುದು ಅದಕ್ಕಿಂತ ಎಷ್ಟೋ ಮೇಲು.

ಹಣ ಒಬ್ಬರ ಖಾತೆಗೆ ಬಂದು ಬೀಳುವುದು ನನಗೆ ಸರಿ ಕಾಣುವುದಿಲ್ಲ. ಸಂಬಂಧಿಕರಲ್ಲದವರು ಕೊಟ್ಟದ್ದು ವರ್ಷಕ್ಕೆ 50,000 ದಾಟಿದರೆ ಅಷ್ಟೂ ಹಣ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆಡಿಟರನ್ನು ಮೊದಲೇ ಕೇಳಿಕೊಳ್ಳಿ. ನೋಂದಾಯಿತ ಟ್ರಸ್ಟಿನ ಮೂಲಕ ಹೋದರೆ ಕೊಡುವವರಿಗೆ ತೆರಿಗೆ ವಿನಾಯಿತಿಯ ರಸೀದಿಯೂ ಸಿಗಬಹುದು, 2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಮಾತ್ರ ಇಲ್ಲ. ಬಿಲ್ಲು ನೇರ ಅಂಗಡಿಗೆ ಪಾವತಿಯಾಗಲಿ, ಆ ಬಿಲ್ಲನ್ನೇ ಗುಂಪಿಗೆ ಹಾಕಿ. ಯುಡಿಐಡಿ, ಆಧಾರ್ ಪ್ರತಿಗಳನ್ನು ಮಾತ್ರ ಹಾಕಬೇಡಿ. ಹಣ ಮಿಕ್ಕರೆ ಯಾವುದಕ್ಕೆ, ಸಾಧನದ ಕೆಲಸ ಮುಗಿದ ಮೇಲೆ ಅದು ಯಾರ ಮನೆಗೆ, ಇವೆರಡನ್ನೂ ಮೊದಲ ಮನವಿಯಲ್ಲೇ ಬರೆದುಬಿಡಿ.