ಪ್ಲೇಟೋನನ್ನು ಕಟಕಟೆಗೆ ನಿಲ್ಲಿಸುವ ಮುನ್ನ

ಸರ್ವಾಧಿಕಾರದ ಬೇರು ಪ್ಲೇಟೋನಲ್ಲಿದೆ ಎಂಬ ಮಾತು ಈಗ ಸಲೀಸಾಗಿ ಕೇಳಿಬರುತ್ತದೆ. ಅದಕ್ಕೆ ಬಲ ತಂದುಕೊಟ್ಟವರು ತತ್ವಜ್ಞಾನಿ ಕಾರ್ಲ್ ಪಾಪರ್. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಆಕ್ರಮಿಸಿದ ಸುದ್ದಿ ಕೇಳಿ ಬರೆಯಲು ನಿರ್ಧರಿಸಿ, ದೂರದ ನ್ಯೂಜಿಲೆಂಡಿನಲ್ಲಿ ಯುದ್ಧಕಾಲದಲ್ಲಿ ಬರೆದ ಅವರ 'ದಿ ಓಪನ್ ಸೊಸೈಟಿ ಅಂಡ್ ಇಟ್ಸ್ ಎನಿಮೀಸ್' 1945ರಲ್ಲಿ ಹೊರಬಂತು. ವಿಯೆನ್ನಾ ಬಿಟ್ಟು ಬಂದ ಯಹೂದಿ ಮೂಲದ ಮನುಷ್ಯನ ಸಿಟ್ಟು ಅದರಲ್ಲಿದೆ. ಆ ಸಿಟ್ಟಿನ ಬಗ್ಗೆ ನನಗೆ ಗೌರವವಿದೆ. ದೇವರು ಆಳುವವರಲ್ಲಿ ಚಿನ್ನವನ್ನೂ ದುಡಿಯುವವರಲ್ಲಿ ಕಬ್ಬಿಣವನ್ನೂ ಬೆರೆಸಿದ್ದಾನೆಂದು ಜನರನ್ನು ನಂಬಿಸಬೇಕು ಎನ್ನುವ, ಪ್ಲೇಟೋನ ಸಂವಾದ 'ರಿಪಬ್ಲಿಕ್'ನ ಮಾತಿಗೆ ಯಾವ ಸಮಜಾಯಿಷಿಯೂ ಸಾಲದು.

ಆದರೆ ಪಾಪರ್ ಆ ಸಂವಾದವನ್ನು ಪಕ್ಷವೊಂದರ ಪ್ರಣಾಳಿಕೆಯಂತೆ ಓದುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

'ರಿಪಬ್ಲಿಕ್' ಶುರುವಾಗುವುದು ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ. ಉತ್ಸವ ನೋಡಿ ಮನೆಗೆ ಹೊರಟ ಸಾಕ್ರಟೀಸನ ಮೇಲುವಸ್ತ್ರವನ್ನು ಆಳು ಹುಡುಗನೊಬ್ಬ ಹಿಂದಿನಿಂದ ಹಿಡಿಯುತ್ತಾನೆ. ಬೆನ್ನಿಗೇ ಬಂದ ಪೊಲೆಮಾರ್ಕಸ್, "ನಾವೆಷ್ಟು ಜನ ಇದ್ದೇವೆ ನೋಡು, ನಮ್ಮನ್ನು ಮೀರಿಸಿ ಹೋಗು, ಇಲ್ಲವೇ ಇಲ್ಲೇ ಉಳಿ" ಎನ್ನುತ್ತಾನೆ. ನಿಮ್ಮನ್ನು ಒಪ್ಪಿಸಿ ಹೋಗಬಹುದಲ್ಲ ಎಂದು ಸಾಕ್ರಟೀಸ್ ಕೇಳಿದರೆ, ಕಿವಿಗೊಡದವರನ್ನು ಹೇಗೆ ಒಪ್ಪಿಸುತ್ತೀಯೆಂದು ಮರುಪ್ರಶ್ನೆ. ಗೆಳೆಯರ ತಮಾಷೆ ಅದು; ಮುಂದಿನ ಚರ್ಚೆಯೆಲ್ಲ ನಡೆಯುವುದು ಪೊಲೆಮಾರ್ಕಸನ ಮನೆಯಲ್ಲಿ. ಆದರೆ ಮುಂದೇನಾಯಿತೆಂದು ಅಥೆನ್ಸಿನ ಓದುಗರಿಗೆ ಗೊತ್ತಿತ್ತು. ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಜನರ ಕೂಟ ಇದೇ ಪೊಲೆಮಾರ್ಕಸನಿಗೆ ವಿಚಾರಣೆಯೇ ಇಲ್ಲದೆ ವಿಷ ಕುಡಿಸಿ ಕೊಂದಿತು. ಅವನ ತಮ್ಮ ಲೈಸಿಯಸ್ ಅದರ ಬಗ್ಗೆ ಮಾಡಿದ ಭಾಷಣ ಇಂದಿಗೂ ಉಳಿದಿದೆ. ಮನೆಯವರ 700 ಗುರಾಣಿಗಳನ್ನು ದೋಚಿದ್ದು ಸಾಲದೆ, ಅಣ್ಣನ ಹೆಂಡತಿಯ ಕಿವಿಯಿಂದ ಚಿನ್ನದ ಓಲೆಗಳನ್ನೂ ಕಿತ್ತುಕೊಂಡರು ಎನ್ನುತ್ತಾನೆ ಅವನು.

ಆ ಕೂಟದ ಮುಂದಾಳು ಕ್ರಿಟಿಯಸ್ ಪ್ಲೇಟೋನ ತಾಯಿಯ ಕಡೆಯ ಬಂಧು. ಪಾಪರ್‌ಗೆ ಈ ನಂಟು ಚೆನ್ನಾಗಿ ಗೊತ್ತಿತ್ತು. ಅದನ್ನು ಅವರು ಪ್ಲೇಟೋನ ವಿರುದ್ಧದ ಸಾಕ್ಷ್ಯವಾಗಿಯೇ ಬಳಸುತ್ತಾರೆ. ನನಗದು ತಿರುವುಮುರುವಾಗಿ ಕಾಣುತ್ತದೆ. ಬಂಧುಗಳ ಪರ ವಕಾಲತ್ತು ವಹಿಸುವವನು ಅವರು ಕೊಲ್ಲಿಸಿದವನ ಮನೆಯನ್ನೇ ಹುಡುಕಿ, ನ್ಯಾಯವೆಂದರೇನು ಎಂಬ ಚರ್ಚೆಯನ್ನು ಅಲ್ಲಿ ಏಕೆ ನಡೆಸುತ್ತಾನೆ? ಗೆಳೆಯರಿಗೆ ಒಳಿತು, ಶತ್ರುಗಳಿಗೆ ಕೇಡು ಮಾಡುವುದೇ ನ್ಯಾಯ ಎಂದು ಅಲ್ಲಿ ವಾದಿಸುವವನು ಪೊಲೆಮಾರ್ಕಸನೇ. ಯಾರಿಗೇ ಆಗಲಿ ಕೇಡು ಮಾಡುವುದು ನ್ಯಾಯವಂತನ ಕೆಲಸವಲ್ಲ ಎಂದು ಸಾಕ್ರಟೀಸ್ ಅವನನ್ನು ಒಪ್ಪಿಸುತ್ತಾನೆ. ಮುಂದೆ ಅವನನ್ನು ಕೊಂದವರು ಈ ಮಾತನ್ನು ಒಪ್ಪಿದವರಲ್ಲ.

ರಾಜಕೀಯ ಚಿಂತಕ ಲಿಯೋ ಸ್ಟ್ರಾಸ್ ಈ ಸನ್ನಿವೇಶಗಳಿಗೆಲ್ಲ ಗಮನ ಕೊಟ್ಟು ಓದಿದವರು. ಆದರೆ 'ರಿಪಬ್ಲಿಕ್' ಚಿತ್ರಿಸುವ ಆದರ್ಶ ನಗರ ಅಸಾಧ್ಯವೆಂದು ತೋರಿಸುವುದೇ ಪ್ಲೇಟೋನ ಇಂಗಿತ ಎನ್ನುವಷ್ಟು ದೂರ ಅವರು ಹೋಗುತ್ತಾರೆ. ಅದನ್ನು ನಾನು ಒಪ್ಪಲಾರೆ. ಚಿನ್ನ-ಕಬ್ಬಿಣದ ಕಥೆಯನ್ನು ಪ್ಲೇಟೋ ಮನಸಾರೆ ಹೇಳಿದ್ದಾನೆ, ಪಾಪರ್ ಅವರ ದೂರು ಅಷ್ಟರಮಟ್ಟಿಗೆ ನಿಲ್ಲುತ್ತದೆ. ಅವನು ಮೂವತ್ತು ಜನರ ಪಕ್ಷದವನು ಎಂಬ ದೂರು ಮಾತ್ರ ಪೊಲೆಮಾರ್ಕಸನ ಮನೆಯ ಹೊಸಿಲು ದಾಟುವುದಿಲ್ಲ.