ಮೂರರಲ್ಲಿ ಒಂದು ಮತ, ಮೂರರಲ್ಲಿ ಎರಡು ಸ್ಥಾನ

ಊರಿನಿಂದ ಫೋನ್ ಮಾಡುವ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: 2024ರ ಜುಲೈನಲ್ಲಿ ಲೇಬರ್ ಪಕ್ಷಕ್ಕೆ ಅಷ್ಟು ಭಾರೀ ಬಹುಮತ ಕೊಟ್ಟ ಬ್ರಿಟನ್ನಿನ ಜನ, ವರ್ಷ ತುಂಬುವ ಮೊದಲೇ ಅದೇ ಪಕ್ಷದ ಮೇಲೆ ಅಷ್ಟೊಂದು ಸಿಟ್ಟಾದದ್ದೇಕೆ? ಇಲ್ಲಿನ ಪತ್ರಿಕೆಗಳಲ್ಲಿಯೂ ಇದನ್ನು ಮತದಾರರ ಚಂಚಲತೆ ಎಂದು ಬಣ್ಣಿಸುವವರಿದ್ದಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಕಾಮನ್‌ವೆಲ್ತ್ ದೇಶದ ಪ್ರಜೆಗೆ ಇಲ್ಲಿರುವ ಹಕ್ಕಿನ ಬಲದಿಂದ, ಇಲ್ಲಿನ ಸಂಸತ್ ಚುನಾವಣೆಗಳಲ್ಲಿ ಮತ ಹಾಕುತ್ತ ಬಂದಿರುವ ನನಗೆ ಈ ವಿವರಣೆ ಒಪ್ಪಿಗೆಯಾಗಿಲ್ಲ. ಜನ ಆ ಬಹುಮತವನ್ನು ಕೊಟ್ಟೇ ಇರಲಿಲ್ಲ ಎಂಬಲ್ಲಿಂದ ಹೊರಟರೆ ಮಾತ್ರ ಈ ಸಿಟ್ಟಿನ ಬೇರು ಕಾಣುತ್ತದೆ.

ಆ ಚುನಾವಣೆಯಲ್ಲಿ ಲೇಬರ್ ಗಳಿಸಿದ್ದು ಚಲಾವಣೆಯಾದ ಮತಗಳ ಶೇ. 33.7, ಪಡೆದದ್ದು 650ರಲ್ಲಿ 411 ಸ್ಥಾನ. ಮತದಾನದ ಪ್ರಮಾಣ ಶೇ. 60ರ ಆಸುಪಾಸಿಗೆ ಇಳಿದಿತ್ತು. ನೋಂದಾಯಿತ ಮತದಾರರೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಐವರಲ್ಲಿ ಒಬ್ಬರು ಮಾತ್ರ ಈ ಸರ್ಕಾರಕ್ಕೆ ಮತ ಹಾಕಿದ್ದರು. ಇದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಇದೇ ಪಕ್ಷ ಜೆರೆಮಿ ಕಾರ್ಬಿನ್ ಅವರ ನಾಯಕತ್ವದಲ್ಲಿ 2017ರಲ್ಲಿ ಸುಮಾರು 1.29 ಕೋಟಿ ಮತ ಪಡೆದು ಸೋತಿತ್ತು, 2019ರಲ್ಲಿ ಸುಮಾರು 1.03 ಕೋಟಿ ಮತ ಪಡೆದು ಕೇವಲ 202 ಸ್ಥಾನಗಳೊಂದಿಗೆ ನೆಲಕಚ್ಚಿತ್ತು. ಕಿಯರ್ ಸ್ಟಾರ್ಮರ್ ಅವರ ನಾಯಕತ್ವದಲ್ಲಿ ಸುಮಾರು 97 ಲಕ್ಷ ಮತಗಳಿಗೆ ಇಳಿದು, ಐತಿಹಾಸಿಕ ವಿಜಯ ಸಾಧಿಸಿತು! ಅತ್ತ ನೈಜಲ್ ಫರಾಜ್ ಅವರ, ವಲಸೆ ವಿರೋಧಿ ನಿಲುವಿನ ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಮತ ಬಿದ್ದರೂ ದಕ್ಕಿದ್ದು ಐದೇ ಸ್ಥಾನ, 35 ಲಕ್ಷ ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ಕರ್ನಾಟಕದ ಓದುಗರಿಗೆ ಇದು ತೀರ ಹೊಸತೇನಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗಿಂತ ಹೆಚ್ಚು ಮತ ಪಡೆದ ಕಾಂಗ್ರೆಸ್, ಸ್ಥಾನಗಳಲ್ಲಿ ಬಹಳ ಹಿಂದೆ ಬಿದ್ದಿದ್ದನ್ನು ನಾವು ಕಂಡಿದ್ದೇವೆ; ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದರೂ ಗೆಲ್ಲುವ ಈ ಪದ್ಧತಿಯನ್ನು ನಾವು ಕಲಿತದ್ದೇ ಇವರಿಂದ.

ಇಂಥ ಪದ್ಧತಿಯಲ್ಲಿ ಮತದಾರ ತನಗೆ ಯಾರು ಬೇಕು ಎಂದು ಯೋಚಿಸುವುದನ್ನು ಬಿಟ್ಟು, ಬೇಡವಾದವನನ್ನು ಸೋಲಿಸಬಲ್ಲವರು ಯಾರು ಎಂದು ಹುಡುಕತೊಡಗುತ್ತಾನೆ. ಚುನಾವಣೆಯ ವಾರಗಳಲ್ಲಿ ಮನೆಬಾಗಿಲ ಸಂದಿಯಿಂದ ಒಳಗೆ ಬೀಳುವ ಕರಪತ್ರಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಶಾಲೆ, ಆಸ್ಪತ್ರೆಗಳ ಮಾತು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ. ಮೇಲೆ ದೊಡ್ಡದಾಗಿ ಒಂದು ಕಂಬನಕ್ಷೆ, ಅದರ ಪಕ್ಕದಲ್ಲಿ ಈ ಕ್ಷೇತ್ರದಲ್ಲಿ ಅವರನ್ನು ಸೋಲಿಸಲು ನಮ್ಮಿಂದ ಮಾತ್ರ ಸಾಧ್ಯ ಎಂಬ ಘೋಷಣೆ. (ಆ ಕಂಬಗಳ ಎತ್ತರಕ್ಕೂ ಅವುಗಳ ಮೇಲಿನ ಅಂಕಿಗಳಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ, ಲಿಬರಲ್ ಡೆಮಾಕ್ರಾಟರು ಈ ಕಲೆಯಲ್ಲಿ ವಿಶೇಷ ಹೆಸರು ಮಾಡಿದ್ದಾರೆ.) ಮಾಜಿ ಪ್ರಧಾನಿ ಲಿಜ್ ಟ್ರಸ್ ಸೋತ ಸೌತ್ ವೆಸ್ಟ್ ನಾರ್ಫೋಕ್ ಕ್ಷೇತ್ರದಲ್ಲಿ ಗೆದ್ದ ಲೇಬರ್ ಅಭ್ಯರ್ಥಿಗೆ ಸಿಕ್ಕಿದ್ದು ಶೇ. 26.7 ಮತ, ಅಂತರ 630. ಅಲ್ಲಿ ಮತ ಹಾಕಿದ ನಾಲ್ವರಲ್ಲಿ ಸುಮಾರು ಮೂವರು ಬೇರೆ ಯಾರನ್ನೋ ಬಯಸಿದ್ದರು. ಟ್ರಸ್ ಸೋತದ್ದಕ್ಕೆ ಊರೆಲ್ಲ ನಕ್ಕಿತು, ನಾನೂ ನಕ್ಕೆ; ಆದರೆ ಆ ಕ್ಷೇತ್ರ ಯಾರನ್ನು ಆರಿಸಿತು ಎಂಬ ಪ್ರಶ್ನೆಗೆ ಆ ಫಲಿತಾಂಶದಲ್ಲಿ ಉತ್ತರವಿರಲಿಲ್ಲ.

ಗಣಿತದ ಅನ್ಯಾಯವೊಂದೇ ಆಗಿದ್ದರೆ ಜನ ಇಷ್ಟು ರೋಸಿಹೋಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪದ್ಧತಿ ಹಳೆಯದು, ಅದರ ಓರೆಕೋರೆಗಳೂ ಹಳೆಯವೇ. ಮೂರನೆಯ ಒಂದು ಪಾಲು ಮತ ಸಾಕು ಎಂದಾದಾಗ ಪಕ್ಷಗಳಿಗೆ ಅಭ್ಯಾಸವಾಗುವ ಒಂದು ಜಾಣತನ ಈ ಹದಿನೈದು ವರ್ಷಗಳಲ್ಲಿ ಬಲಿತು ನಿಂತಿದೆ. ಎದುರಾಳಿಯ ಮೇಲೆ ಜನರಿಗೆ ಬೇಸರ ಬಂದಿದ್ದರೆ, ಯಾರನ್ನೂ ನೋಯಿಸದೆ, ಯಾವ ಖರ್ಚಿನ ಮಾತನ್ನೂ ಎತ್ತದೆ ಸುಮ್ಮನೆ ದಡ ಸೇರಿದರೆ ಸಾಕು, ಅಧಿಕಾರ ತಾನಾಗಿ ಬರುತ್ತದೆ. ಹೀಗೆ ಬಂದ ಸರ್ಕಾರಕ್ಕೆ ಸಂಸತ್ತಿನಲ್ಲಿ ಏನು ಬೇಕಾದರೂ ಮಾಡುವಷ್ಟು ಸಂಖ್ಯಾಬಲವಿರುತ್ತದೆ, ಆದರೆ ಕಷ್ಟದ ಒಂದೇ ಒಂದು ಕೆಲಸಕ್ಕೂ ಜನರಿಂದ ಪಡೆದ ಅನುಮತಿ ಇರುವುದಿಲ್ಲ.

2024ರಲ್ಲಿ ಲೇಬರ್ ಪಕ್ಷ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ನೌಕರರೂ ಉದ್ಯೋಗದಾತರೂ ಕಟ್ಟುವ ವಂತಿಗೆ), ವ್ಯಾಟ್ ಈ ಮೂರನ್ನೂ ಏರಿಸುವುದಿಲ್ಲ ಎಂದು ಪ್ರಣಾಳಿಕೆಯಲ್ಲಿ ಬರೆದುಕೊಟ್ಟಿತು. ಎರಡೂ ದೊಡ್ಡ ಪಕ್ಷಗಳು ಮುಂದಿನ ಖರ್ಚಿನ ಬಗ್ಗೆ ಕೂಡಿಯೇ ಬಾಯಿ ಮುಚ್ಚಿಕೊಂಡಿವೆ ಎಂದು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸ್ವತಂತ್ರ ಸಂಸ್ಥೆ ಚುನಾವಣೆಗೆ ಮುಂಚೆಯೇ ದೂರಿತ್ತು. ಗೆದ್ದ ಮೇಲೆ ಆದದ್ದೇನು? ಅದೇ ಜುಲೈ ತಿಂಗಳಲ್ಲಿ, ಪ್ರಣಾಳಿಕೆಯಲ್ಲಿ ಸುಳಿವೂ ಇಲ್ಲದಂತೆ, ವೃದ್ಧರಿಗೆ ಚಳಿಗಾಲದ ಇಂಧನಕ್ಕೆಂದು ಕೊಡುತ್ತಿದ್ದ ಸಹಾಯಧನವನ್ನು ಕಡುಬಡವರಿಗಷ್ಟೇ ಸೀಮಿತಗೊಳಿಸಲಾಯಿತು. ಅಕ್ಟೋಬರ್ ಬಜೆಟ್‌ನಲ್ಲಿ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸನ್ನು ಶೇ. 13.8ರಿಂದ 15ಕ್ಕೆ ಏರಿಸಿ, ನಾವು ಮಾತು ಕೊಟ್ಟದ್ದು ದುಡಿಯುವವರ ಪಾಲಿನ ಬಗ್ಗೆ ಮಾತ್ರ ಎಂದು ವಾದಿಸಲಾಯಿತು. ಮರುವರ್ಷ ಜೂನ್‌ನಲ್ಲಿ ಇಂಧನದ ಸಹಾಯಧನವನ್ನು ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯವಿರುವ ವೃದ್ಧರಿಗೆಲ್ಲ ಮರಳಿಸಲಾಯಿತು. ಉಳಿತಾಯವೂ ಅಷ್ಟಕ್ಕಷ್ಟೇ, ಒಳ್ಳೆಯ ಹೆಸರೂ ಹೋಯಿತು. ಟೋರಿಗಳೇನೂ, ಅಂದರೆ ಕನ್ಸರ್ವೇಟಿವ್ ಪಕ್ಷದವರೇನೂ, ಇದಕ್ಕಿಂತ ಮೇಲಲ್ಲ. ನಿವ್ವಳ ವಲಸೆಯನ್ನು ಹತ್ತಾರು ಸಾವಿರಕ್ಕೆ ಇಳಿಸುತ್ತೇವೆ ಎಂದು 2010ರಿಂದ ಹೇಳುತ್ತ ಬಂದ ಪಕ್ಷದ ಆಳ್ವಿಕೆಯಲ್ಲಿಯೇ, 2023ರಲ್ಲಿ ಅದು ಒಂಬತ್ತು ಲಕ್ಷದ ಗಡಿ ಮುಟ್ಟಿತು. ವಿಶ್ವವಿದ್ಯಾಲಯದ ಶುಲ್ಕ ಏರಿಸುವುದರ ವಿರುದ್ಧ ಮತ ಹಾಕುತ್ತೇವೆಂದು 2010ರಲ್ಲಿ ಸಹಿ ಮಾಡಿಕೊಟ್ಟಿದ್ದ ಲಿಬರಲ್ ಡೆಮಾಕ್ರಾಟರ ನಾಯಕರು, ಅಧಿಕಾರದಲ್ಲಿ ಪಾಲು ಸಿಕ್ಕ ಕೂಡಲೇ ಅದನ್ನು 9,000 ಪೌಂಡ್‌ವರೆಗೆ ಏರಿಸಲು ಕೈ ಎತ್ತಿದರು. ಐದು ವರ್ಷಗಳ ನಂತರ ಅವರ 57 ಸ್ಥಾನಗಳಲ್ಲಿ ಎಂಟು ಉಳಿದವು.

ಈ ಜಾಣತನದ ಪೂರ್ಣ ಸ್ವರೂಪವನ್ನು ನೋಡಬೇಕೆಂದರೆ ವೃದ್ಧರ ಆರೈಕೆಯ ಕಥೆಯನ್ನು ನೋಡಬೇಕು. ಇಲ್ಲಿ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಚಿಕಿತ್ಸೆ ಉಚಿತ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಮರೆವಿನ ಕಾಯಿಲೆ ಬಂದು, ಸ್ನಾನಕ್ಕೆ ಊಟಕ್ಕೆ ಇನ್ನೊಬ್ಬರ ಕೈ ಬೇಕಾದ ಮುದುಕರ ಆರೈಕೆ ಅದರೊಳಗೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಹೆಚ್ಚು ಆಸ್ತಿಯಿದ್ದವರು ಆ ಖರ್ಚನ್ನು ತಾವೇ ಭರಿಸಬೇಕು. ಈ ಮಿತಿ 2010ರಿಂದ ಅಲುಗಿಲ್ಲ. ಒಂಟಿಯಾಗಿದ್ದವರು ಆರೈಕೆ ಕೇಂದ್ರ ಸೇರಬೇಕಾಗಿ ಬಂದರೆ ಎಷ್ಟೋ ಸಲ ಬಾಳೆಲ್ಲ ಕಂತು ಕಟ್ಟಿದ ಮನೆಯನ್ನೇ ಮಾರಬೇಕಾಗುತ್ತದೆ. ಒಬ್ಬ ವ್ಯಕ್ತಿ ಕಟ್ಟಬೇಕಾದ ಒಟ್ಟು ಮೊತ್ತಕ್ಕೆ ಮಿತಿ ಹಾಕಿ ಎಂದು ಸರ್ಕಾರ ನೇಮಿಸಿದ್ದ ಡಿಲ್ನಾಟ್ ಆಯೋಗ 2011ರಲ್ಲಿ ಹೇಳಿತು. 2014ರಲ್ಲಿ ಅದಕ್ಕೆ ಕಾಯ್ದೆಯೂ ಆಯಿತು, ಜಾರಿ ಮಾತ್ರ ಮುಂದಕ್ಕೆ ಹೋಯಿತು. 2017ರ ಚುನಾವಣೆಯ ನಡುವೆ ಆಗಿನ ಪ್ರಧಾನಿ ತೆರೇಸಾ ಮೇ ಈ ವಿಷಯವನ್ನು ಒಂದಿಷ್ಟು ನೇರವಾಗಿ ಎತ್ತಿದರು. ವಿರೋಧಿಗಳು ಅದಕ್ಕೆ ಮರೆವಿನ ತೆರಿಗೆ ಎಂದು ಹೆಸರಿಟ್ಟು ಹಳಿದಾಗ ನಾಲ್ಕೇ ದಿನಗಳಲ್ಲಿ ಹಿಂದೆ ಸರಿದರು, ಬಹುಮತವನ್ನೂ ಕಳೆದುಕೊಂಡರು. ಅದರಿಂದ ಎಲ್ಲ ಪಕ್ಷಗಳೂ ಕಲಿತ ಪಾಠವೆಂದರೆ ಚುನಾವಣೆಯಲ್ಲಿ ಈ ಮಾತನ್ನು ಎತ್ತಲೇಬಾರದು ಎಂಬುದು. 2021ರಲ್ಲಿ ಬೋರಿಸ್ ಜಾನ್ಸನ್ 86,000 ಪೌಂಡ್ ಮಿತಿಯನ್ನು ಘೋಷಿಸಿದರು, ಅವರ ನಂತರ ಬಂದವರು ಅದನ್ನು 2025ಕ್ಕೆ ತಳ್ಳಿದರು, 2024ರಲ್ಲಿ ಲೇಬರ್ ಬಂದು ಅದನ್ನು ಕೈಬಿಟ್ಟಿತು. 2025ರ ಜನವರಿಯಲ್ಲಿ ಲೂಯಿಸ್ ಕೇಸಿ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ಪ್ರಕಟವಾಯಿತು.

ಬಗೆಹರಿಸದೆ ಬಿಟ್ಟ ಆ ಖರ್ಚು ಎಲ್ಲೂ ಮಾಯವಾಗಿಲ್ಲ. ಅದರ ಬಹುಭಾಗ ಸ್ಥಳೀಯ ಕೌನ್ಸಿಲ್‌ಗಳ ತಲೆಯ ಮೇಲೆ ಕೂತಿದೆ. ಅವು ಮನೆಗಳಿಂದ ಎತ್ತುವ ಕೌನ್ಸಿಲ್ ಟ್ಯಾಕ್ಸ್ ಇಂಗ್ಲೆಂಡಿನಲ್ಲಿ ಇಂದಿಗೂ 1991ರ ಏಪ್ರಿಲ್‌ನಲ್ಲಿದ್ದ ಮನೆಬೆಲೆಯ ಮೇಲೆ ನಿಂತಿದೆ. ಮರುಮೌಲ್ಯಮಾಪನ ಮಾಡಿದರೆ ಯಾರಿಗೋ ತೆರಿಗೆ ಏರಿ ಮತ ಹೋಗುತ್ತದೆಂದು ಈವರೆಗಿನ ಯಾವ ಸರ್ಕಾರವೂ ಅದನ್ನು ಮಾಡಿ ಮುಗಿಸಿಲ್ಲ. ಕಾನೂನಿನ ಪ್ರಕಾರ ಆರೈಕೆಗೆ ಕೊಡಲೇಬೇಕಾದ್ದರಿಂದ ಗ್ರಂಥಾಲಯ, ಉದ್ಯಾನ, ಯುವಕರ ಕೇಂದ್ರ, ರಸ್ತೆ ಗುಂಡಿ ಇವುಗಳಿಗೆ ಉಳಿಯುವ ಹಣ ಕರಗುತ್ತ ಹೋಗಿದೆ. ಸಮಾನ ವೇತನದ ಪರಿಹಾರ, ಕೆಟ್ಟ ಕಂಪ್ಯೂಟರ್ ವ್ಯವಸ್ಥೆ ಇಂಥ ತನ್ನದೇ ತಪ್ಪುಗಳೂ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ತನ್ನಲ್ಲಿ ಹಣವಿಲ್ಲ ಎಂದು ಕಾನೂನುಬದ್ಧವಾಗಿ ಘೋಷಿಸಿತು, ನಂತರದ ಎರಡು ವರ್ಷಗಳಲ್ಲಿ ತೆರಿಗೆಯನ್ನು ಮೊದಲು ಸುಮಾರು ಶೇ. 10, ಆಮೇಲೆ ಶೇ. 7.5 ಏರಿಸಿತು. 2025ರಲ್ಲಿ ಕಸದವರ ಮುಷ್ಕರದಿಂದ ಆ ನಗರದ ಬೀದಿಗಳಲ್ಲಿ ಬಿದ್ದ ಚೀಲಗಳ ರಾಶಿಯನ್ನು ಜಗತ್ತೇ ನೋಡಿತು. ಹೆಚ್ಚು ಕಟ್ಟಿ ಕಡಿಮೆ ಪಡೆಯುತ್ತಿದ್ದೇನೆ ಎಂದು ಅಲ್ಲಿನ ನಿವಾಸಿ ಹೇಳಿದರೆ ಅದು ಭಾವಾವೇಶದ ಮಾತಲ್ಲ.

ಇದೇ ಮುಚ್ಚುಮರೆ ನಮ್ಮ ಕಡೆಯವರ ಬದುಕನ್ನೂ ತಟ್ಟಿದೆ. ಆರೈಕೆಯ ಕೆಲಸಕ್ಕೆ ಕೊಡುವ ಸಂಬಳ ಹೆಚ್ಚಿಸಿದರೆ ಸ್ಥಳೀಯರೇ ಬರುತ್ತಾರೆ, ಆದರೆ ಆ ಹಣ ಎಲ್ಲಿಂದ ಬರಬೇಕೆಂದು ಯಾರೂ ಹೇಳಲೊಲ್ಲರು. ಹಾಗಾಗಿ 2022ರ ಫೆಬ್ರುವರಿಯಲ್ಲಿ ಹೊರದೇಶದ ಆರೈಕೆ ಕೆಲಸಗಾರರಿಗೆ ವೀಸಾ ಬಾಗಿಲು ತೆರೆದರು. ಭಾರತದಿಂದ, ನೈಜೀರಿಯಾದಿಂದ, ಜಿಂಬಾಬ್ವೆಯಿಂದ ಜನ ಬಂದರು. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಬಂದು, ಹೇಳಿದ ಕೆಲಸವೇ ಸಿಗದೆ ಕಂಗೆಟ್ಟವರೂ ಅವರಲ್ಲಿದ್ದರು. 2024ರ ಮಾರ್ಚ್‌ನಿಂದ ಕುಟುಂಬವನ್ನು ಕರೆತರುವಂತಿಲ್ಲ ಎಂದರು, 2025ರ ಜುಲೈನಲ್ಲಿ ಹೊರಗಿನಿಂದ ಹೊಸದಾಗಿ ಕರೆಸುವುದನ್ನೇ ನಿಲ್ಲಿಸಿದರು. ಕರೆದವರೂ ಇವರೇ, ಬಂದವರು ಹೆಚ್ಚಾದರೆಂದು ವೇದಿಕೆಯ ಮೇಲೆ ಗುಡುಗಿದವರೂ ಇವರೇ.

ರಿಫಾರ್ಮ್ ಪಕ್ಷದ ಏರಿಕೆಯನ್ನು ನಾನು ನೋಡುವುದು ಈ ಹಿನ್ನೆಲೆಯಲ್ಲಿ. 2025ರ ಮೇ ಒಂದರಂದು ಅದು ಇಂಗ್ಲೆಂಡಿನ ಹತ್ತು ಕೌನ್ಸಿಲ್‌ಗಳನ್ನು ಗೆದ್ದಿತು. ಅದೇ ದಿನ ರಂಕಾರ್ನ್ ಮತ್ತು ಹೆಲ್ಸ್‌ಬಿ ಉಪಚುನಾವಣೆಯಲ್ಲಿ, ಹಿಂದಿನ ವರ್ಷ ಸುಮಾರು 14,700 ಮತಗಳ ಅಂತರವಿದ್ದ ಲೇಬರ್ ಕ್ಷೇತ್ರವನ್ನು ಆರು ಮತಗಳಿಂದ ಕಸಿದುಕೊಂಡಿತು. (ಉಪಚುನಾವಣೆ ಬಂದದ್ದು ಅಲ್ಲಿನ ಸಂಸದರು ನಡುರಾತ್ರಿ ಬೀದಿಯಲ್ಲಿ ಮತದಾರನೊಬ್ಬನಿಗೆ ಗುದ್ದಿ ಶಿಕ್ಷೆಗೊಳಗಾಗಿ ರಾಜೀನಾಮೆ ಕೊಟ್ಟದ್ದರಿಂದ. ಮತದಾರ ಮತ್ತು ಪ್ರತಿನಿಧಿಯ ಸಂಬಂಧ ಹಳಸಿದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕಥೆಗಾರನೂ ಕಟ್ಟಲಾರ.) ವಲಸಿಗನಾದ ನನಗೆ ಆ ಪಕ್ಷದ ಮಾತುಗಳು ಹಿತವಾಗಿ ಕೇಳಿಸುವುದಿಲ್ಲ, ಅದಕ್ಕೆ ನಾನು ಮತ ಹಾಕುವವನೂ ಅಲ್ಲ. ಆದರೂ ಅದಕ್ಕೆ ಮತ ಹಾಕಿದವರನ್ನೆಲ್ಲ ಜನಾಂಗದ್ವೇಷಿಗಳೆಂದು ಕರೆದು ಕೈತೊಳೆದುಕೊಳ್ಳುವ ಸುಶಿಕ್ಷಿತರ ಮಾತು ನನಗೆ ಇನ್ನೂ ಅಸಹ್ಯ. ನನ್ನ ಪಕ್ಕದ ಮನೆಯಲ್ಲಿರುವ ನಿವೃತ್ತ ಕಾರ್ಖಾನೆ ಕೆಲಸಗಾರರು ಜೀವನವಿಡೀ ಲೇಬರ್‌ಗೆ ಮತ ಹಾಕಿ, 2019ರಲ್ಲಿ ಜಾನ್ಸನ್ ಅವರನ್ನು ನಂಬಿ, 2024ರಲ್ಲಿ ಮನೆಯಲ್ಲೇ ಕುಳಿತು, ಈಗ ಫರಾಜ್ ಕಡೆ ವಾಲಿದ್ದಾರೆ. ಇವರೂ ಹಾಗೆಯೇ ಎಂದು ಗೊತ್ತು, ಆದರೆ ಉಳಿದವರನ್ನಂತೂ ಪರೀಕ್ಷಿಸಿ ಆಯಿತಲ್ಲ ಎನ್ನುವುದು ಅವರ ತರ್ಕ. ಆ ರಿಫಾರ್ಮ್‌ನವರೂ ಖರ್ಚಿನ ಪಟ್ಟಿಯನ್ನು ಮುಂದಿಟ್ಟಿಲ್ಲ ಎಂಬುದೇ ನನ್ನ ಆಕ್ಷೇಪಣೆ. ದುಂದುವೆಚ್ಚ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆಂದು ಹೇಳಿ ಗೆದ್ದ ಕೌಂಟಿ ಕೌನ್ಸಿಲ್‌ಗಳಲ್ಲಿಯೂ ಹಣದ ದೊಡ್ಡ ಪಾಲು ಹೋಗುವುದು ಅದೇ ವೃದ್ಧರ, ಅಂಗವಿಕಲರ, ಕೌನ್ಸಿಲ್ ಆಶ್ರಯದ ಮಕ್ಕಳ ಆರೈಕೆಗೆ.

ಪ್ರಧಾನಿಗಳ ಸಾಲನ್ನು ಮರೆಯುವಂತಿಲ್ಲ. 2016ರ ಜುಲೈನಿಂದ 2024ರ ಜುಲೈವರೆಗಿನ ಎಂಟು ವರ್ಷಗಳಲ್ಲಿ ಕ್ಯಾಮರನ್, ಮೇ, ಜಾನ್ಸನ್, ಟ್ರಸ್, ಸುನಕ್, ಸ್ಟಾರ್ಮರ್ ಎಂದು ಆರು ಮಂದಿ ಆ ಕುರ್ಚಿಯಲ್ಲಿ ಕುಳಿತರು. ಸಂಸದೀಯ ವ್ಯವಸ್ಥೆಯಲ್ಲಿ ನಾಯಕ ಬದಲಾಗುವುದು ಅಪರಾಧವೇನಲ್ಲ. ಆದರೆ 2022ರಲ್ಲಿ ಟ್ರಸ್ ಅವರನ್ನು ಆರಿಸಿದ್ದು 81,326 ಟೋರಿ ಸದಸ್ಯರು. ಟ್ರಸ್ ಸರ್ಕಾರದ ಸೆಪ್ಟೆಂಬರ್ 23ರ ಬಜೆಟ್‌ನ ನಂತರ ಎರಡು ವರ್ಷದ ಗೃಹಸಾಲದ ಸರಾಸರಿ ಬಡ್ಡಿ ಶೇ. 6 ದಾಟಿದಾಗ ಅದನ್ನು ತೆತ್ತವರಲ್ಲಿ ಆ ಸದಸ್ಯರ ಹೆಸರನ್ನೂ ಕೇಳಿರದ ಲಕ್ಷಾಂತರ ಕುಟುಂಬಗಳಿದ್ದವು.

ಹಾಗಾದರೆ ಚುನಾವಣಾ ಪದ್ಧತಿಯನ್ನೇ ಬದಲಿಸಬೇಕೇ? ಬದಲಿಸಬೇಕು ಎಂಬ ಪಕ್ಷ ನನ್ನದು, ಆದರೆ ದೊಡ್ಡ ಆಸೆಯಿಂದಲ್ಲ. 2011ರ ಜನಮತಗಣನೆಯಲ್ಲಿ, ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ ಪರ್ಯಾಯ ಮತ ಪದ್ಧತಿಯನ್ನು ಶೇ. 67.9 ಮಂದಿ ತಿರಸ್ಕರಿಸಿದರು. 2024ರ ಡಿಸೆಂಬರ್‌ನಲ್ಲಿ ಲಿಬರಲ್ ಡೆಮಾಕ್ರಾಟ್ ಸಂಸದೆಯೊಬ್ಬರು ತಂದ, ಮತಗಳಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನ ಕೊಡುವ ಪ್ರಮಾಣಾನುಗುಣ ಪ್ರಾತಿನಿಧ್ಯದ ಮಸೂದೆಯ ಮಂಡನೆಗೆ 138–136ರಲ್ಲಿ ಒಪ್ಪಿಗೆ ಸಿಕ್ಕಿತಾದರೂ ಸರ್ಕಾರ ಅದಕ್ಕೆ ಸಮಯ ಕೊಡಲಿಲ್ಲ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಆ ಪದ್ಧತಿಯಿದ್ದೂ ಸಮ್ಮಿಶ್ರ ಸರ್ಕಾರಗಳು ಮುರಿದುಬಿದ್ದದ್ದನ್ನು ಇತ್ತೀಚೆಗಷ್ಟೇ ನೋಡಿದ್ದೇವೆ. ಮೂರನೆಯ ಒಂದು ಪಾಲು ಮತದಿಂದ ಒಂಟಿಯಾಗಿ ಆಳಲಾಗದು ಎಂದಾದರೆ, ಕನಿಷ್ಠ ಯಾವುದಕ್ಕೆ ಯಾರು ಎಷ್ಟು ಕೊಡಬೇಕು ಎಂಬ ಚೌಕಾಸಿ ಜನರ ಕಣ್ಣಮುಂದೆ ನಡೆಯಬಹುದು. ನನಗೆ ಅದರಲ್ಲಿ ಕಾಣುವ ಲಾಭ ಇಷ್ಟೇ.

ಕೇಸಿ ಆಯೋಗ ತನ್ನ ಅಂತಿಮ ವರದಿ ಕೊಡಬೇಕಾದದ್ದು 2028ರೊಳಗೆ. ಮುಂದಿನ ಸಂಸತ್ ಚುನಾವಣೆ ನಡೆಯಬೇಕಾದದ್ದು 2029ರ ಆಗಸ್ಟ್‌ನೊಳಗೆ. ಎಂದರೆ ಆರೈಕೆಯ ಖರ್ಚನ್ನು ಯಾರು ಹೊರಬೇಕೆಂಬ ಶಿಫಾರಸು ಪಕ್ಷಗಳ ಕೈಸೇರುವ ಹೊತ್ತಿಗೆ, ಅವು ಯಾರನ್ನೂ ನೋಯಿಸಬಾರದ ಕಾಲ ಬಂದಿರುತ್ತದೆ. ಆಗ ನನ್ನ ಮನೆಬಾಗಿಲಿಗೆ ಬರುವ ಅಭ್ಯರ್ಥಿಗಳು ಯಾವ ಬಣ್ಣದ ಪಟ್ಟಿ ಧರಿಸಿದ್ದರೂ ಸರಿ, ಅವರಿಗೆ ಎರಡು ಪ್ರಶ್ನೆ ಕೇಳಲಿದ್ದೇನೆ: ಆ ವರದಿಯ ಹಣವನ್ನು ಯಾವ ತೆರಿಗೆಯಿಂದ ತರುತ್ತೀರಿ, 1991ರ ಮನೆಬೆಲೆಯನ್ನು ಯಾವಾಗ ಬದಲಿಸುತ್ತೀರಿ? ನೇರ ಉತ್ತರ ಕೊಟ್ಟವರು ನನಗೆ ಇಷ್ಟವಿಲ್ಲದ ಪಕ್ಷದವರಾಗಿದ್ದರೂ ಅವರಿಗೆ ಮತ ಹಾಕುವ ಬಗ್ಗೆ ಗಂಭೀರವಾಗಿ ಯೋಚಿಸುತ್ತೇನೆ, ರಿಫಾರ್ಮ್ ಒಂದನ್ನು ಬಿಟ್ಟು.